ಗಡಿ ದಾಟುವ ಖರ್ಚು: ಕಡಿಮೆ ದುಡ್ಡಿನಲ್ಲಿ ಪೂರ್ವ ಆಫ್ರಿಕಾ

(ಮಾಟುಂಗಾದಲ್ಲಿ ನಮ್ಮ ಕನ್ನಡ ಬಳಗದ ಭಾನುವಾರದ ಸಭೆಯಲ್ಲಿ ಆಡಿದ ಮಾತು. ಕೊನೆಗೆ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ವಿಷಯದ ಮೇಲೆ ಮಾತಾಡುತ್ತೇನೆ ಅಂತ ಗೊತ್ತಾದ ಮೇಲೆ ಬಳಗದ ಕೆಲವರು ತಾವು ಹೋಗಬೇಕು ಅಂದುಕೊಂಡ ಜಾಗಗಳ ಪಟ್ಟಿಯನ್ನು ನನ್ನ ಕೈಗೆ ಕೊಟ್ಟರು. ಹೆಚ್ಚುಕಮ್ಮಿ ಎಲ್ಲ ಪಟ್ಟಿಯೂ ಒಂದೇ ಥರ ಇದೆ. ಈಜಿಪ್ಟಿನ ಪಿರಮಿಡ್, ಕೆನ್ಯಾದ ಮಸಾಯಿ ಮಾರಾ, ವಿಕ್ಟೋರಿಯಾ ಜಲಪಾತ, ಕೊನೆಗೆ ಕೇಪ್ ಟೌನ್. ಎಲ್ಲ ಒಂದೇ ಪ್ರವಾಸದಲ್ಲಿ ಆಗಬೇಕು, ಮೂರು ವಾರದಲ್ಲಿ ಮುಗಿಯಬೇಕು, ಖರ್ಚು ಕೈಗೆಟಕುವಂತೆ ಇರಬೇಕು. ಅಷ್ಟು ದೂರ ಹೋಗುವಾಗ ಎಲ್ಲವನ್ನೂ ನೋಡಿ ಬರೋಣ ಅನ್ನಿಸುವುದು ಸಹಜ. ಮತ್ತೆ ಯಾವಾಗ ಹೋಗುತ್ತೇವೋ ಏನೋ, ಅಲ್ವಾ?

ಆದರೆ ಒಂದು ಸಲ ನಕ್ಷೆ ನೋಡಿ. ಮುಂಬೈಯಿಂದ ನೈರೋಬಿಗೆ ವಿಮಾನದಲ್ಲಿ ಸುಮಾರು 4,500 ಕಿಲೋಮೀಟರ್. ಸಮುದ್ರ ದಾಟಿ ಬೇರೆ ಖಂಡಕ್ಕೆ ಹೋಗುವ ದೂರ ಅದು. ನೈರೋಬಿಯಿಂದ ಕೇಪ್ ಟೌನ್‌ಗೆ ಮತ್ತೆ 4,000 ಕಿಲೋಮೀಟರ್ ಮೇಲೆ. ನೈರೋಬಿಯಿಂದ ಉತ್ತರಕ್ಕೆ ಕೈರೋಗೆ ಸುಮಾರು 3,500. ಆಫ್ರಿಕಾ ಅಂದರೆ 54 ದೇಶ, ಭಾರತದ ಸುಮಾರು ಒಂಬತ್ತು ಪಟ್ಟು ನೆಲ. ಆ ಪಟ್ಟಿಯಲ್ಲಿರುವ ನಾಲ್ಕು ಜಾಗಗಳನ್ನು ಸೇರಿಸಲು ಹೊರಟರೆ ನಿಮ್ಮ ದುಡ್ಡೆಲ್ಲ ವಿಮಾನ ಕಂಪನಿಗಳಿಗೆ ಹೋಗುತ್ತದೆ. ಆಫ್ರಿಕಾದ ನೆಲದ ಮೇಲೆ ನಿಲ್ಲುವ ಹೊತ್ತು ಕಡಿಮೆ, ವಿಮಾನ ನಿಲ್ದಾಣದ ಕುರ್ಚಿಯಲ್ಲಿ ಕೂರುವ ಹೊತ್ತು ಜಾಸ್ತಿ.

ಈವತ್ತು ನಾನು ಹೇಳಬೇಕಾದ ಮುಖ್ಯ ಮಾತು ಇದು. ದೊಡ್ಡ ಖಂಡದಲ್ಲಿ ಹಲವು ದೇಶ ಸುತ್ತುವಾಗ ಖರ್ಚನ್ನು ಏರಿಸುವುದು ಊಟವೂ ಅಲ್ಲ, ರೂಮೂ ಅಲ್ಲ. ಗಡಿಗಳು ಮತ್ತು ಹಿಂದೆ ಮುಂದೆ ಓಡಾಟ. ಯಾವ ಗಡಿಯನ್ನು ಯಾವ ಕಡೆಯಿಂದ ದಾಟುತ್ತೀರಿ, ಎಷ್ಟು ಸಲ ದಾಟುತ್ತೀರಿ ಅನ್ನುವುದನ್ನು ಮನೆಯಲ್ಲೇ ಕೂತು ಸರಿಯಾಗಿ ಬರೆದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಯುರೋಪಿಗೆ ಹೋಗಿಬಂದವರು ಇಲ್ಲಿ ಇದ್ದೀರಿ. ಅಲ್ಲಿ ಒಂದು ಶೆಂಗೆನ್ ವೀಸಾ ತೆಗೆದರೆ 29 ದೇಶ. ಗಡಿ ದಾಟಿದ್ದು ಗೊತ್ತೂ ಆಗುವುದಿಲ್ಲ. ಆದರೆ ಅಲ್ಲಿ ರೂಮು ದುಬಾರಿ, ಊಟ ದುಬಾರಿ. ಪೂರ್ವ ಆಫ್ರಿಕಾದಲ್ಲಿ ಲೆಕ್ಕ ಉಲ್ಟಾ. ಹಾಸ್ಟೆಲಿನ ಹಾಸಿಗೆ ಹತ್ತು ಹದಿನೈದು ಡಾಲರಿಗೆ ಸಿಗುತ್ತದೆ, ಹೊಟ್ಟೆ ತುಂಬ ಊಟ ಅದಕ್ಕಿಂತ ಎಷ್ಟೋ ಕಡಿಮೆಗೆ. ಪ್ರತಿ ಗಡಿಯಲ್ಲೂ ಮಾತ್ರ ಡಾಲರ್ ಎಣಿಸಬೇಕು. ಅದಕ್ಕೇ ಯುರೋಪಿನ ಪ್ರವಾಸ ಪ್ಲಾನ್ ಮಾಡಿದ ಅಭ್ಯಾಸದಲ್ಲಿ ಆಫ್ರಿಕಾ ಪ್ಲಾನ್ ಮಾಡಿದರೆ ಕೈ ಸುಡುತ್ತದೆ.

ಹಾಗಾದರೆ ಎಲ್ಲಿಂದ ಶುರು ಮಾಡೋಣ? ನನ್ನ ಸಲಹೆ ವಿಕ್ಟೋರಿಯಾ ಸರೋವರದಿಂದ. ಸಿಹಿನೀರಿನ ಸರೋವರಗಳಲ್ಲಿ ವಿಸ್ತಾರದಲ್ಲಿ ಪ್ರಪಂಚದಲ್ಲೇ ಎರಡನೆಯದು ಅದು. ಕೆನ್ಯಾ, ಉಗಾಂಡಾ, ತಾಂಜಾನಿಯಾ ಮೂರೂ ಅದರ ದಡದಲ್ಲಿವೆ. ರುವಾಂಡಾ ಪಕ್ಕದಲ್ಲೇ ಇದೆ. ನೈರೋಬಿಯಲ್ಲಿ ಇಳಿದು, ಬಸ್ಸಿನಲ್ಲಿ ಉಗಾಂಡಾದ ಕಂಪಾಲಾ, ಅಲ್ಲಿಂದ ಅದೇ ದೇಶದ ಕಬಾಲೆ, ಕಬಾಲೆಯಿಂದ ರುವಾಂಡಾದ ಕಿಗಾಲಿ, ಕಿಗಾಲಿಯಿಂದ ರುಸುಮೋ ಗಡಿ ದಾಟಿ ತಾಂಜಾನಿಯಾದ ಮ್ವಾಂಜಾ, ಆಮೇಲೆ ಅರುಷಾ, ದಾರ್ ಎಸ್ ಸಲಾಮ್, ಕೊನೆಗೆ ಜಾಂಜಿಬಾರ್. ಕೆರೆಯ ಏರಿ ಹಿಡಿದು ಹೋದಂತೆ ಒಂದೇ ದಿಕ್ಕಿಗೆ ಹೋಗುತ್ತೀರಿ. ಬಂದ ದಾರಿಗೆ ಮತ್ತೆ ವಾಪಸ್ ಹೋಗುವ ಪ್ರಶ್ನೆ ಇಲ್ಲ. ನಾಲ್ಕು ದೇಶ, ಮೂರು ನೆಲದ ಗಡಿ.

ಈಗ ವೀಸಾ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳಿ.

ಕೆನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೂ ಸೇರಿ ಒಂದು ಜಂಟಿ ಪ್ರವಾಸಿ ವೀಸಾ 2014ರಿಂದ ಇದೆ. 100 ಡಾಲರ್, 90 ದಿನ, ಮೂರು ದೇಶಗಳ ಒಳಗೆ ಎಷ್ಟು ಸಲ ಬೇಕಾದರೂ ಓಡಾಡಬಹುದು. ಯಾವ ದೇಶ ಕೊಟ್ಟಿತೋ ಆ ದೇಶದಿಂದಲೇ ಮೊದಲು ಒಳಗೆ ಹೋಗಬೇಕು. ತಾಂಜಾನಿಯಾ ಇದರಲ್ಲಿ ಸೇರಿಲ್ಲ. ಒಂದೇ ವೀಸಾದಲ್ಲಿ ಮೂರು ದೇಶ, ಉಳಿತಾಯ ಅಂತ ಎಲ್ಲರೂ ಇದನ್ನೇ ಹೇಳುತ್ತಾರೆ. ನಮ್ಮ ಪಾಸ್‌ಪೋರ್ಟಿಗೆ ಲೆಕ್ಕ ಹಾಕಿ ನೋಡಿ. ಕೆನ್ಯಾ 2024ರ ಜನವರಿಯಿಂದ ವೀಸಾ ತೆಗೆದುಹಾಕಿ ಇಟಿಎ, ಅಂದರೆ ಆನ್‌ಲೈನಿನಲ್ಲಿ ಮೊದಲೇ ತೆಗೆಯುವ ಪ್ರವೇಶ ಅನುಮತಿ, ಅಂತ ಮಾಡಿದೆ. ಅದಕ್ಕೆ 30 ಡಾಲರ್, ಮೇಲೆ ಸ್ವಲ್ಪ ಸೇವಾ ಶುಲ್ಕ. ಉಗಾಂಡಾದ ಇ-ವೀಸಾ 50 ಡಾಲರ್. ರುವಾಂಡಾ ಕಾಮನ್‌ವೆಲ್ತ್ ದೇಶಗಳ ಜನರಿಗೆ 30 ದಿನದ ವೀಸಾವನ್ನು ಶುಲ್ಕವಿಲ್ಲದೆ ಕೊಡುತ್ತದೆ, ಭಾರತವೂ ಕಾಮನ್‌ವೆಲ್ತ್ ಸದಸ್ಯ. ಒಟ್ಟು 80 ಡಾಲರ್. ಜಂಟಿ ವೀಸಾ ತೆಗೆದವರು ಸುಮ್ನೆ 20 ಡಾಲರ್ ಜಾಸ್ತಿ ಕೊಟ್ಟಂತಾಯಿತು.

ಹಾಗಂತ ಜಂಟಿ ವೀಸಾ ಕೆಲಸಕ್ಕೆ ಬಾರದ್ದು ಅಂತಲ್ಲ. ಕಿಗಾಲಿಗೆ ಹೋಗಿ ಮತ್ತೆ ಉಗಾಂಡಾಕ್ಕೆ ವಾಪಸ್ ಬರುವವರಿಗೆ ಎರಡನೇ ಸಲದ 50 ಡಾಲರ್ ಉಳಿಯುತ್ತದೆ. ಅಂದರೆ ಯಾವ ವೀಸಾ ಅಗ್ಗ ಅನ್ನುವುದನ್ನು ನಿಮ್ಮ ದಾರಿ ತೀರ್ಮಾನಿಸುತ್ತದೆ. ಅದಕ್ಕೆ ಮೊದಲು ದಾರಿ, ಆಮೇಲೆ ವೀಸಾ. ತುಂಬಾ ಜನ ಇದನ್ನು ಹಿಂದುಮುಂದು ಮಾಡುತ್ತಾರೆ.

ತಾಂಜಾನಿಯಾದ ವೀಸಾ ನಮಗೆ 50 ಡಾಲರ್. ಜಾಂಜಿಬಾರ್ ಅದೇ ದೇಶದ ಭಾಗ, ಬೇರೆ ವೀಸಾ ಬೇಡ. ಆದರೆ 2024ರ ಅಕ್ಟೋಬರ್‌ನಿಂದ ಅಲ್ಲಿಗೆ ಹೋಗುವ ವಿದೇಶಿಗರು ಅಲ್ಲಿಯ ಸರ್ಕಾರಿ ವಿಮೆಯನ್ನೇ ಮಾಡಿಸಬೇಕು. 44 ಡಾಲರ್. ನಮ್ಮ ಊರಿನಲ್ಲಿ ಮಾಡಿಸಿದ ಪ್ರವಾಸ ವಿಮೆ ತೋರಿಸಿದರೆ ಒಪ್ಪುವುದಿಲ್ಲ. ಎಲ್ಲ ಕೂಡಿಸಿದರೆ ತಲೆಗೆ 174 ಡಾಲರ್. ಲೆಕ್ಕಕ್ಕೆ ಸುಲಭವಾಗಲಿ ಅಂತ ಡಾಲರಿಗೆ 90 ರೂಪಾಯಿ ಹಿಡಿದರೆ 15,660. ಗಂಡ ಹೆಂಡತಿ ಇಬ್ಬರಿಗೆ ಮೂವತ್ತೊಂದು ಸಾವಿರದ ಮೇಲೆ. ಇನ್ನೂ ಒಂದು ಕಪ್ ಚಹಾ ಕುಡಿದಿಲ್ಲ ನೀವು. ಈ ದುಡ್ಡಿನಲ್ಲಿ ಚೌಕಾಸಿ ನಡೆಯುವುದಿಲ್ಲ, ಅದಕ್ಕೇ ಬಜೆಟ್ ಪುಸ್ತಕದ ಮೊದಲ ಸಾಲಿನಲ್ಲಿ ಇದನ್ನು ಬರೆಯಿರಿ. ಇವೆಲ್ಲ ಈ ಮಾತಿಗೆ ತಯಾರಾಗುವಾಗ ಇದ್ದ ದರ. ಹೊರಡುವ ಮೊದಲು ಆಯಾ ದೇಶದ ಸರ್ಕಾರಿ ತಾಣದಲ್ಲಿ ಒಮ್ಮೆ ನೋಡಿಕೊಳ್ಳಿ. ಸರ್ಕಾರಿ ತಾಣ ಅಂದೆ. ಅದೇ ಥರ ಕಾಣುವ ಏಜೆಂಟರ ತಾಣಗಳು ಬೇಕಾದಷ್ಟಿವೆ, ದುಪ್ಪಟ್ಟು ವಸೂಲಿ ಮಾಡುತ್ತವೆ.

ವಿಮಾನದ ಟಿಕೆಟ್ ವಿಷಯ. ಹೋಗಿ ಬರುವ ಟಿಕೆಟ್ ಅಂದ ತಕ್ಷಣ ನಾವು ಮುಂಬೈ–ನೈರೋಬಿ–ಮುಂಬೈ ಅಂತ ಹುಡುಕುತ್ತೇವೆ. ನೇರ ವಿಮಾನ ಇದೆ, ಸುಮಾರು ಆರು ಗಂಟೆ. ಆದರೆ ಪ್ರವಾಸ ಜಾಂಜಿಬಾರ್‌ನಲ್ಲಿ ಮುಗಿದರೆ ಮತ್ತೆ ನೈರೋಬಿಗೆ ಬರಲು ಇನ್ನೊಂದು ಟಿಕೆಟ್, ಒಂದು ದಿನ ದಂಡ, ಕೆನ್ಯಾಗೆ ಎರಡನೇ ಸಲ ಕಾಲಿಡುವ ತಲೆನೋವು. ಅದರ ಬದಲು ಮಲ್ಟಿ ಸಿಟಿ ಅಂತ ಒಂದು ಆಯ್ಕೆ ಇರುತ್ತದಲ್ಲ, ಅದನ್ನು ಒತ್ತಿ. ಒಂದು ಊರಿನಲ್ಲಿ ಇಳಿದು ಇನ್ನೊಂದು ಊರಿನಿಂದ ಹತ್ತುವ ಟಿಕೆಟ್. ಇಥಿಯೋಪಿಯನ್ ಏರ್‌ಲೈನ್ಸ್ ಮುಂಬೈಗೂ ಹಾರುತ್ತದೆ, ಆಡಿಸ್ ಅಬಾಬಾದಿಂದ ನೈರೋಬಿ, ಎಂಟೆಬೆ, ಕಿಗಾಲಿ, ದಾರ್, ಜಾಂಜಿಬಾರ್ ಎಲ್ಲ ಕಡೆಗೂ ಹಾರುತ್ತದೆ. ಹಾಗಾಗಿ ಒಂದೇ ಕಂಪನಿಯಲ್ಲಿ ನೈರೋಬಿಗೆ ಹೋಗಿ ಜಾಂಜಿಬಾರ್‌ನಿಂದ ವಾಪಸ್ ಬರುವ ಟಿಕೆಟ್ ಹುಡುಕಬಹುದು. ಬೆಲೆ ನೋಡುವಾಗ ಟಿಕೆಟ್ಟಿನ ಬೆಲೆ ಒಂದನ್ನೇ ಹೋಲಿಸಬೇಡಿ. ವಾಪಸ್ ಬರುವ ಬಸ್ಸು, ರೂಮು, ವೀಸಾ ಎಲ್ಲ ಸೇರಿಸಿ ಹೋಲಿಸಿ.

ಬಸ್ಸಿಗೆ ಅಷ್ಟು ಅವಸರ ಬೇಡ. ಊರಿಗೆ ಹೋಗುವ ರೈಲಿಗೆ 60 ದಿನ ಮೊದಲೇ ಬೆಳಿಗ್ಗೆ ಎಂಟಕ್ಕೆ ಕಂಪ್ಯೂಟರ್ ಮುಂದೆ ಕೂರುವ ಅಭ್ಯಾಸ ನಮಗೆಲ್ಲ ಇದೆ. ಅಲ್ಲಿ ಒಂದೆರಡು ದಿನ ಮೊದಲು ಬಸ್ಸಿನ ಆಫೀಸಿಗೆ ಹೋಗಿ ಟಿಕೆಟ್ ತಗೊಂಡರೆ ಸಾಕು. ನೈರೋಬಿ–ಕಂಪಾಲಾ 25 ಡಾಲರ್ ಆಸುಪಾಸು. ಹನ್ನೆರಡು ಗಂಟೆಯ ಮೇಲೆ ಹಿಡಿಯುತ್ತದೆ.

ಆ ದಾರಿಯ ಬುಸಿಯಾ ಗಡಿಯ ಬಗ್ಗೆ ಹೇಳಬೇಕು. ಕೆನ್ಯಾ–ಉಗಾಂಡಾ ನಡುವಿನ ಊರು ಅದು. ಅಲ್ಲಿ ಈಗ ಒಂದೇ ಕಟ್ಟಡದಲ್ಲಿ ಎರಡೂ ದೇಶದ ಕೆಲಸ. ಬಸ್ಸು ನಿಲ್ಲುತ್ತದೆ, ಎಲ್ಲರೂ ಇಳಿಯುತ್ತಾರೆ. ಒಂದು ಕಿಟಕಿಯಲ್ಲಿ ಕೆನ್ಯಾದ ಅಧಿಕಾರಿ ಹೊರಗೆ ಹೋಗುವ ಮುದ್ರೆ ಒತ್ತುತ್ತಾರೆ, ಪಕ್ಕದಲ್ಲೇ ಇನ್ನೊಂದು ಕಿಟಕಿಯಲ್ಲಿ ಉಗಾಂಡಾದವರು ಒಳಗೆ ಬರುವ ಮುದ್ರೆ ಒತ್ತುತ್ತಾರೆ. ನಡುವೆ ಲಸಿಕೆಯ ಹಳದಿ ಕಾರ್ಡು ನೋಡುತ್ತಾರೆ, ಅದರ ಮಾತು ಆಮೇಲೆ. ಇ-ವೀಸಾದ ಕಾಗದ ಮೊಬೈಲಿನಲ್ಲಿದೆ ಅಂದರೆ ಸಾಲದು, ಪ್ರಿಂಟ್ ಕೈಯಲ್ಲಿರಲಿ. ಅಲ್ಲಿ ನೆಟ್‌ವರ್ಕ್ ಒಂದು ದೇಶದ ಟವರಿನಿಂದ ಇನ್ನೊಂದು ದೇಶದ ಟವರಿಗೆ ಜಿಗಿಯುವ ಜಾಗ, ಬೇಕಾದಾಗ ಫೈಲ್ ತೆರೆಯುವುದಿಲ್ಲ. ಇಳಿಯುವಾಗ ಬಸ್ಸಿನ ನಂಬರಿನ ಫೋಟೊ ತಗೊಳ್ಳಿ. ಒಂದೇ ಬಣ್ಣದ ನಾಲ್ಕು ಬಸ್ಸು ಸಾಲಾಗಿ ನಿಂತಿರುತ್ತವೆ. ಹೊರಗೆ ನೋಟಿನ ಕಂತೆ ಹಿಡಿದುಕೊಂಡು ದುಡ್ಡು ಬದಲಾಯಿಸುವವರು ಸುತ್ತುವರಿಯುತ್ತಾರೆ. ಮುಂದಿನ ಊರು ಮುಟ್ಟುವವರೆಗೆ ಬೇಕಾದಷ್ಟು ಮಾತ್ರ ಬದಲಾಯಿಸಿ, ಅದನ್ನೂ ಎಣಿಸಿ ಜೇಬಿಗೆ ಹಾಕಿದ ಮೇಲೆ ನಿಮ್ಮ ನೋಟು ಕೊಡಿ.

ಇದೇ ದಾರಿಯಲ್ಲಿ ಕಂಪಾಲಾಕ್ಕಿಂತ ಮೊದಲು ಜಿಂಜಾ ಬರುತ್ತದೆ. ಬಿಳಿ ನೈಲ್ ನದಿ ವಿಕ್ಟೋರಿಯಾ ಸರೋವರದಿಂದ ಹೊರಡುವ ಜಾಗ. ಗಾಂಧೀಜಿಯ ಚಿತಾಭಸ್ಮದ ಒಂದು ಪಾಲನ್ನು 1948ರಲ್ಲಿ ಇಲ್ಲಿಯ ನೀರಿನಲ್ಲಿ ಬಿಟ್ಟರು. ಅಲ್ಲಿ ಅವರ ಪ್ರತಿಮೆ ಇದೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಒಂದು ರಾತ್ರಿ ಅಲ್ಲಿ ಉಳಿದುಕೊಳ್ಳಿ ಅಂತ ನಾನು ಒತ್ತಾಯ ಮಾಡುತ್ತೇನೆ. ಕಂಪಾಲಾದ ಟ್ರಾಫಿಕ್ಕಿಗೆ ಹೋಗಿ ಬೀಳುವ ಮೊದಲು ಸ್ವಲ್ಪ ಉಸಿರಾಡಿಕೊಂಡಂತೆಯೂ ಆಗುತ್ತದೆ.

ಸಮಯದ ವಿಷಯದಲ್ಲಿ ಎರಡು ಎಚ್ಚರಿಕೆ. ಒಂದು, ರುವಾಂಡಾದ ಗಡಿಯಾರ ಉಳಿದ ಮೂರು ದೇಶಗಳಿಗಿಂತ ಒಂದು ಗಂಟೆ ಹಿಂದೆ. ಅಲ್ಲಿ ವಾಹನಗಳೂ ರಸ್ತೆಯ ಬಲಗಡೆ ಓಡುತ್ತವೆ, ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ. ಎರಡನೆಯದು ಇನ್ನೂ ಮುಖ್ಯ. ಸ್ವಾಹಿಲಿ ಮಾತಾಡುವ ಕಡೆ ದಿನದ ಎಣಿಕೆ ಬೆಳಿಗ್ಗೆ ಆರರಿಂದ ಶುರು. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ತಾಂಜಾನಿಯಾದ ಸಣ್ಣ ಊರುಗಳಲ್ಲಿ ಬಸ್ಸು 12 ಗಂಟೆಗೆ ಅಂದರೆ ಅದು ಬೆಳಿಗ್ಗೆ ಆರು. ಮಧ್ಯಾಹ್ನ ಊಟ ಮುಗಿಸಿ ಬಸ್ ಸ್ಟ್ಯಾಂಡಿಗೆ ಹೋದವರಿಗೆ ಬಸ್ಸಿನ ಧೂಳೂ ಸಿಗುವುದಿಲ್ಲ. ಟಿಕೆಟ್ ತೆಗೆಯುವಾಗಲೇ ಇದು ಸ್ವಾಹಿಲಿ ಸಮಯವಾ, ಇಂಗ್ಲಿಷ್ ಸಮಯವಾ ಅಂತ ಕೇಳಿ. ಅವರೂ ಬೇಜಾರು ಮಾಡಿಕೊಳ್ಳುವುದಿಲ್ಲ, ದಿನವೂ ಕೇಳಿ ಅಭ್ಯಾಸವಾದ ಪ್ರಶ್ನೆ.

ಈಗ ದೊಡ್ಡ ಖರ್ಚುಗಳಿಗೆ ಬರೋಣ. ಪರ್ವತ ಗೊರಿಲ್ಲಾ. ಇಡೀ ಭೂಮಿಯ ಮೇಲೆ ಸಾವಿರದ ಚಿಲ್ಲರೆ ಉಳಿದಿವೆ. ಇರುವುದು ರುವಾಂಡಾ, ಉಗಾಂಡಾ, ಕಾಂಗೋ ಈ ಮೂರು ದೇಶಗಳ ಗಡಿಭಾಗದ ಕಾಡುಗಳಲ್ಲಿ ಮಾತ್ರ. ರುವಾಂಡಾದಲ್ಲಿ ಅವನ್ನು ನೋಡುವ ಒಂದು ಪರ್ಮಿಟ್ಟಿಗೆ 1,500 ಡಾಲರ್. ಉಗಾಂಡಾದಲ್ಲಿ 800. ಅವುಗಳ ಜೊತೆ ಸಿಗುವುದು ಎರಡೂ ಕಡೆ ಒಂದೇ ಗಂಟೆ. ವ್ಯತ್ಯಾಸ 700 ಡಾಲರ್, ತಲೆಗೆ 63,000 ರೂಪಾಯಿ. ಉಗಾಂಡಾದ ಬ್ವಿಂಡಿ ಕಾಡು ಕಬಾಲೆಯ ಹತ್ತಿರ, ಅಂದರೆ ನಾನು ಹೇಳಿದ ದಾರಿಯ ಪಕ್ಕದಲ್ಲೇ. ಗಡಿ ದಾಟುವ ಮೊದಲು ಬ್ವಿಂಡಿಗೆ ಹೋಗಿ, ಆಮೇಲೆ ಕಿಗಾಲಿಗೆ ಹೋದರೆ ಎರಡನೇ ವೀಸಾದ ಗೊಡವೆಯೂ ಇಲ್ಲ. ನೈರೋಬಿಯಿಂದ ನೇರ ಕಿಗಾಲಿಗೆ ಹಾರಿದವರಿಗೆ ಈ ಅನುಕೂಲ ಇಲ್ಲ. ಗಡಿ ಲೆಕ್ಕ ಹಾಕಿ ಅಂತ ನಾನು ಹೇಳುವುದು ಇದಕ್ಕೇ.

800 ಡಾಲರ್ ಕೂಡ ಸಣ್ಣ ಮೊತ್ತ ಅಲ್ಲ, ಒಪ್ಪುತ್ತೇನೆ. ಆದರೆ ಇಲ್ಲಿ ಚೌಕಾಸಿ ಬೇಡ ಅಂತ ನಾನು ಕೇಳಿಕೊಳ್ಳುತ್ತೇನೆ. ಕಾಡು ಕಾಯುವವರ ಸಂಬಳಕ್ಕೆ, ಸುತ್ತಲಿನ ಹಳ್ಳಿಗಳಿಗೆ ಈ ದುಡ್ಡಿನ ಪಾಲು ಹೋಗುತ್ತದೆ. ಪರ್ವತ ಗೊರಿಲ್ಲಾಗಳ ಸಂಖ್ಯೆ ಏರುತ್ತಿದೆ. 2018ರಲ್ಲಿ ಅವನ್ನು ಅತಿ ಅಪಾಯದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗೆ ಇಳಿಸಿದರು. ದೊಡ್ಡ ಮಂಗಗಳ ವಿಷಯದಲ್ಲಿ ಇಂಥ ಸುದ್ದಿ ಅಪರೂಪ. ಆಗುವುದಾದರೆ ಹೋಗಿ. ಆಗದಿದ್ದರೆ ಅದನ್ನು ಬಿಟ್ಟು ಉಳಿದದ್ದನ್ನು ನೋಡಿ. ಪರ್ಮಿಟ್ ಇಲ್ಲದೆ ಕಾಡಿಗೆ ಕರೆದುಕೊಂಡು ಹೋಗುತ್ತೇನೆ ಅನ್ನುವವರ ಹಿಂದೆ ಮಾತ್ರ ಹೋಗಬೇಡಿ.

ಹುಲ್ಲುಗಾವಲಿನ ಲೆಕ್ಕ ಬೇರೆ. ಕೆನ್ಯಾದ ಮಸಾಯಿ ಮಾರಾ, ತಾಂಜಾನಿಯಾದ ಸೆರೆಂಗೆಟಿ ಎರಡೂ ಒಂದೇ ಬಯಲು. ನಡುವೆ ಇರುವುದು ಗಡಿಯ ಗೆರೆ ಅಷ್ಟೇ. ಎರಡಕ್ಕೂ ಹೋಗಬೇಕು ಅಂತ ಹಟ ಬೇಡ. ಮಾರಾದಲ್ಲಿ ವಿದೇಶಿಗರಿಗೆ ಪ್ರವೇಶ ಶುಲ್ಕ ತಲೆಗೆ ದಿನಕ್ಕೆ ಜನವರಿಯಿಂದ ಜೂನ್‌ವರೆಗೆ 100 ಡಾಲರ್, ಜುಲೈಯಿಂದ ಡಿಸೆಂಬರ್‌ವರೆಗೆ 200. ಇಬ್ಬರು ಎರಡು ದಿನ ಇದ್ದರೆ ಒಂದು ಕಾಲದಲ್ಲಿ 400, ಇನ್ನೊಂದು ಕಾಲದಲ್ಲಿ 800. ಅದೇ ಸಿಂಹ, ಅದೇ ಆನೆ. ವಿಲ್ಡ್‌ಬೀಸ್ಟ್ ಅನ್ನುವ ದೊಡ್ಡ ಜಿಂಕೆಯಂಥ ಪ್ರಾಣಿಗಳ ಹಿಂಡು ಮಾರಾ ನದಿ ದಾಟುವುದನ್ನೇ ನೋಡಬೇಕು ಅನ್ನುವವರು ಮಾತ್ರ ಜುಲೈ ನಂತರ ಹೋಗಬೇಕಾಗುತ್ತದೆ. ಜನವರಿ ಕೊನೆ, ಫೆಬ್ರವರಿಯಲ್ಲಿ ಆ ಹಿಂಡು ಸೆರೆಂಗೆಟಿಯ ದಕ್ಷಿಣಕ್ಕೆ, ಎನ್ಡುಟು ಕಡೆ ಇರುತ್ತದೆ. ಆಗ ಅವು ಕರು ಹಾಕುವ ಕಾಲ. ಹುಟ್ಟಿದ ಕರು ಕೆಲವೇ ನಿಮಿಷದಲ್ಲಿ ಎದ್ದು ನಿಂತು ತಾಯಿಯ ಹಿಂದೆ ಓಡುತ್ತದೆ. ನದಿ ದಾಟುವುದಕ್ಕಿಂತ ನನಗೆ ಇದೇ ಹೆಚ್ಚು ಅನ್ನಿಸುತ್ತದೆ. ಮಾರ್ಚ್ ಮಧ್ಯದಿಂದ ಮೇ ವರೆಗೆ ದೊಡ್ಡ ಮಳೆ. ಅದಕ್ಕೆ ಮೊದಲು ಪ್ರವಾಸ ಮುಗಿಸಿಕೊಳ್ಳಿ.

ಸೆರೆಂಗೆಟಿಯಲ್ಲಿ ಹೆಚ್ಚಿನ ತಿಂಗಳು ದಿನಕ್ಕೆ ತಲೆಗೆ 70 ಡಾಲರ್, ಅದರ ಮೇಲೆ 18 ಪ್ರತಿಶತ ವ್ಯಾಟ್. ಪಕ್ಕದ ಎನ್‌ಗೊರೊಂಗೊರೊದ ಹಳೆಯ ಜ್ವಾಲಾಮುಖಿ ಕುಳಿಯೊಳಗೆ ಇಳಿಯಲು ವಾಹನಕ್ಕೆ ಬೇರೆ ಶುಲ್ಕ, ವ್ಯಾಟ್ ಸೇರಿ 295 ಡಾಲರ್. ಜೀಪಿನಲ್ಲಿ ಇಬ್ಬರೇ ಇದ್ದರೂ ಅಷ್ಟೇ, ಆರು ಜನ ಇದ್ದರೂ ಅಷ್ಟೇ. ಇಬ್ಬರಾದರೆ ತಲೆಗೆ 147 ಡಾಲರ್ ಮೇಲೆ, ಆರು ಜನರಾದರೆ 50 ಕೂಡ ಇಲ್ಲ. ಅದಕ್ಕೆ ಅರುಷಾಕ್ಕೆ ಹೋಗಿ ಎರಡು ದಿನ ಕಾದು, ಬೇರೆಯವರ ಜೊತೆ ಜೀಪು ಹಂಚಿಕೊಳ್ಳಿ. ಈ ಬಳಗದಿಂದಲೇ ಆರು ಜನ ಹೊರಟರೆ ಇನ್ನೂ ಒಳ್ಳೆಯದು. ವಿದೇಶಿಗರಿಗೆ ಯಾಕಿಷ್ಟು ಅಂತ ಕೆಲವರು ಸಿಟ್ಟಾಗುತ್ತಾರೆ. ಇಲ್ಲೇ ಗೇಟ್‌ವೇಯಿಂದ ದೋಣಿ ಹತ್ತಿ ಎಲಿಫೆಂಟಾಕ್ಕೆ ಹೋದರೆ ಪ್ರವೇಶಕ್ಕೆ ನಮಗೆ 40 ರೂಪಾಯಿ, ವಿದೇಶಿಗರಿಗೆ 600. ನಾವೂ ಅದನ್ನೇ ಮಾಡುತ್ತೇವೆ.

ಜೀಪಿಲ್ಲದೆ ಪ್ರಾಣಿ ನೋಡುವ ಆಸೆ ಇದ್ದವರು ಕೆನ್ಯಾದ ನೈವಾಶಾ ಹತ್ತಿರ ಹೆಲ್ಸ್ ಗೇಟ್ ಉದ್ಯಾನಕ್ಕೆ ಹೋಗಿ. ಬಾಡಿಗೆ ಸೈಕಲ್ ತುಳಿಯುತ್ತಾ ಜೀಬ್ರಾ, ಜಿರಾಫೆಗಳ ಪಕ್ಕದಲ್ಲೇ ಹೋಗಬಹುದು.

ಊಟ. ನಮ್ಮವರ ಮೊದಲ ಚಿಂತೆಯೇ ಇದು, ಅದರಲ್ಲೂ ಸಸ್ಯಾಹಾರಿಗಳಿಗೆ. ಚಿಂತೆ ಬೇಡ. ಕೆನ್ಯಾ, ಉಗಾಂಡಾ, ತಾಂಜಾನಿಯಾದ ಯಾವ ಸಣ್ಣ ಹೋಟೆಲಿಗೆ ಹೋದರೂ ಚಪಾತಿ ಇದೆ, ಹೆಸರೂ ಚಪಾತಿಯೇ. ಜೊತೆಗೆ ಬೇಯಿಸಿದ ಬೀನ್ಸ್, ಸುಕುಮಾ ವಿಕಿ ಅನ್ನುವ ಸೊಪ್ಪಿನ ಪಲ್ಯ. ಉಗಾಲಿ ಅಂದರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ. ನಮ್ಮ ಮುದ್ದೆಯ ಹಾಗೆಯೇ ಕೈಯಲ್ಲಿ ಮುರಿದು ಸೊಪ್ಪಿನ ಜೊತೆ ತಿನ್ನುವುದು. ಕಂಪಾಲಾದ ರಸ್ತೆ ಬದಿಯಲ್ಲಿ ರೋಲೆಕ್ಸ್ ಅಂತ ಸಿಗುತ್ತದೆ, ಚಪಾತಿಯೊಳಗೆ ಮೊಟ್ಟೆ, ಈರುಳ್ಳಿ, ಟೊಮೆಟೊ ಸುತ್ತಿದ್ದು. ಚಹಾ ಹಾಲು ಹಾಕಿಯೇ ಕುದಿಸುತ್ತಾರೆ. ಭಾರತೀಯ ಹೋಟೆಲ್ ಹುಡುಕಿಕೊಂಡು ಹೋದರೆ ಖರ್ಚು ಮೂರು ಪಟ್ಟು ಆಗುತ್ತದೆ.

ನೈರೋಬಿಯಿಂದ ಮೊಂಬಾಸಾ ಕಡೆ ಹೋಗುವವರಿಗೆ ಇನ್ನೊಂದು ಮಾತು. ಆ ರಸ್ತೆಯಲ್ಲಿ ಮಕಿಂಡು ಅನ್ನುವ ಊರಿನಲ್ಲಿ 1926ರಲ್ಲಿ ಕಟ್ಟಿದ ಗುರುದ್ವಾರ ಇದೆ. ದಾರಿಹೋಕರಿಗೆಲ್ಲ ಊಟ, ತಂಗಲು ಜಾಗ, ದುಡ್ಡು ಕೇಳುವುದಿಲ್ಲ. ಬ್ರಿಟಿಷರು 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ರೈಲು ಹಾಕಿದಾಗ ಭಾರತದಿಂದ ಮೂವತ್ತು ಸಾವಿರಕ್ಕೂ ಜಾಸ್ತಿ ಕೂಲಿಗಳನ್ನು ಕರೆದುಕೊಂಡು ಹೋಗಿದ್ದರು. ಸುಮಾರು ಎರಡೂವರೆ ಸಾವಿರ ಜನ ಅಲ್ಲೇ ಸತ್ತರು. ಜ್ವರ, ಅಪಘಾತ, ದಾರಿಯಲ್ಲಿದ್ದ ತ್ಸಾವೋ ಕಾಡಿನ ಸಿಂಹಗಳು. ಈಗ ಆ ಹಳಿಯ ಪಕ್ಕದಲ್ಲೇ 2017ರಿಂದ ಹೊಸ ಹಳಿಯ ಮೇಲೆ ಮಡರಾಕಾ ಎಕ್ಸ್‌ಪ್ರೆಸ್ ಓಡುತ್ತದೆ. ಸಾದಾ ದರ್ಜೆಗೆ 1,500 ಶಿಲಿಂಗ್, ಅಂದರೆ ಹನ್ನೆರಡು ಡಾಲರ್ ಒಳಗೆ. ತ್ಸಾವೋ ಕಾಡಿನ ನಡುವೆ ಹೋಗುವಾಗ ಕಿಟಕಿಯಿಂದ ಕೆಂಪು ಮಣ್ಣು ಮೆತ್ತಿಕೊಂಡ ಆನೆಗಳು ಕಾಣುತ್ತವೆ. ಸಫಾರಿಗೆ ದುಡ್ಡಿಲ್ಲದವರು ಈ ರೈಲನ್ನಾದರೂ ಹತ್ತಿ. ಮಕಿಂಡುವಿನಲ್ಲಿ ಊಟ ಮಾಡಿದವರು ಪೆಟ್ಟಿಗೆಗೆ ಕೈಲಾದಷ್ಟು ಹಾಕಿ. ಬಿಟ್ಟಿ ಊಟ ಅಂತ ಬಜೆಟ್ಟಿನಲ್ಲಿ ಬರೆಯುವುದು ನನಗೆ ಇಷ್ಟ ಇಲ್ಲ.

ಚೀಲ ತುಂಬುವಾಗ ಒಂದು ಎಚ್ಚರ. ನಾವು ಅವಲಕ್ಕಿ, ಚಟ್ನಿಪುಡಿ, ಚಕ್ಕುಲಿ ಎಲ್ಲವನ್ನೂ ಪ್ಲಾಸ್ಟಿಕ್ ಕ್ಯಾರಿ ಬ್ಯಾಗಿನಲ್ಲಿ ಸುತ್ತಿ ಸುತ್ತಿ ಇಡುತ್ತೇವೆ. ರುವಾಂಡಾ 2008ರಿಂದ, ಕೆನ್ಯಾ 2017ರಿಂದ, ತಾಂಜಾನಿಯಾ 2019ರಿಂದ ಆ ಚೀಲಗಳನ್ನು ನಿಷೇಧಿಸಿವೆ. ಗಡಿಯಲ್ಲಿ ಬ್ಯಾಗ್ ತೆರೆಸಿ ತೆಗೆದುಕೊಳ್ಳುತ್ತಾರೆ. ಬಟ್ಟೆ ಚೀಲ, ಸ್ಟೀಲ್ ಡಬ್ಬಿ ಇಟ್ಟುಕೊಳ್ಳಿ. ಕಿಗಾಲಿಯ ರಸ್ತೆಗಳಲ್ಲಿ ಓಡಾಡಿದ ಮೇಲೆ ಆ ಕಾನೂನು ಯಾಕೆ ಅಂತ ನಿಮಗೇ ತಿಳಿಯುತ್ತದೆ.

ಹಳದಿ ಕಾರ್ಡಿನ ಮಾತಿಗೆ ಬರುತ್ತೇನೆ. ಯೆಲ್ಲೋ ಫೀವರ್ ಲಸಿಕೆ ಹಾಕಿಸಿಕೊಂಡವರಿಗೆ ಕೊಡುವ ಹಳದಿ ಪುಸ್ತಿಕೆ. ಉಗಾಂಡಾ ಒಳಗೆ ಬರುವ ಎಲ್ಲರಿಂದಲೂ ಕೇಳುತ್ತದೆ. ಅದಕ್ಕಿಂತ ಮುಖ್ಯ, ವಾಪಸ್ ಬರುವಾಗ ನಮ್ಮ ದೇಶವೇ ಕೇಳುತ್ತದೆ. ಕೆನ್ಯಾ, ಉಗಾಂಡಾ, ಇಥಿಯೋಪಿಯಾದಂಥ ದೇಶಗಳಿಂದ ಬಂದವರ ಹತ್ತಿರ ಕಾರ್ಡ್ ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಮನೆ ಅಂಧೇರಿಯಲ್ಲೇ ಇದ್ದರೂ ಅಷ್ಟೇ. ಲಸಿಕೆ ಹಾಕಿಸಿಕೊಂಡು ಹತ್ತು ದಿನ ಆದ ಮೇಲಷ್ಟೇ ಕಾರ್ಡಿಗೆ ಬೆಲೆ. ಒಂದು ಸಲ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ, 2016ರಿಂದ ಆ ನಿಯಮ ಇದೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ. ಮುಂಬೈನಲ್ಲಿ ಬಂದರಿನ ಆರೋಗ್ಯ ಕಚೇರಿ, ವಿಮಾನ ನಿಲ್ದಾಣದ ಆರೋಗ್ಯ ಕಚೇರಿಯಲ್ಲಿ ವಿಚಾರಿಸಿ. ದಿನ ಗೊತ್ತು ಮಾಡಿಕೊಂಡೇ ಹೋಗಬೇಕು, ಪಾಸ್‌ಪೋರ್ಟ್ ಒಯ್ಯಬೇಕು. ಅರವತ್ತು ದಾಟಿದವರು, ಮೊಟ್ಟೆಯ ಅಲರ್ಜಿ ಇರುವವರು ಮೊದಲು ನಿಮ್ಮ ಡಾಕ್ಟರರನ್ನು ಕೇಳಿ. ಮಲೇರಿಯಾ ಮಾತ್ರೆಯ ಬಗ್ಗೆಯೂ ಆಗಲೇ ಕೇಳಿಬಿಡಿ. ಹೊರಡುವ ಮೊದಲೇ ಶುರು ಮಾಡಿ, ವಾಪಸ್ ಬಂದ ಮೇಲೂ ಮುಂದುವರಿಸುವ ಮಾತ್ರೆ ಅದು.

ದುಡ್ಡು ಒಯ್ಯುವುದು ಹೇಗೆ? ಒಂದು ಪ್ರವಾಸಕ್ಕೆ 3,000 ಡಾಲರ್‌ವರೆಗೆ ನಗದು ಒಯ್ಯಬಹುದು. ಅಷ್ಟು ಬೇಕಾಗುವುದಿಲ್ಲ. ಫೋರ್ಟ್ ಕಡೆ ಡಾಲರ್ ಕೊಳ್ಳುವಾಗ ಕೌಂಟರಿನಲ್ಲೇ ನಿಂತು ಒಂದೊಂದು ನೋಟನ್ನೂ ನೋಡಿ. ನೂರರ ನೋಟಿನ ನಡುವೆ ನೀಲಿ ಪಟ್ಟಿ ಇರಬೇಕು. ಅದು 2013ರಲ್ಲಿ ಬಂದ ಹೊಸ ನೋಟು. ಹಳೆಯ ನೋಟುಗಳನ್ನು, ಮಡಚಿದ ಕಡೆ ಸೀಳಿದ್ದನ್ನು, ಮೇಲೆ ಪೆನ್ನಿನ ಗೀಟು ಇದ್ದದ್ದನ್ನು ಅಲ್ಲಿ ಮುಟ್ಟುವುದಿಲ್ಲ. ಅಲ್ಲಿಯ ಕೌಂಟರಿನಲ್ಲಿ ನೋಟನ್ನು ಬೆಳಕಿಗೆ ಹಿಡಿದು, ಇಸವಿ ಓದಿ, ಅಂಚನ್ನು ಬೆರಳಲ್ಲಿ ಸವರಿ ನೋಡುತ್ತಾರೆ. ಅಮೆರಿಕದಲ್ಲಿ ಚಲಾವಣೆಯಲ್ಲಿರುವ ನೋಟೇ ಅಂತ ವಾದ ಮಾಡಿ ಪ್ರಯೋಜನ ಇಲ್ಲ. ಸಣ್ಣ ನೋಟಿಗೆ ಬೆಲೆ ಕಡಿಮೆ ಸಿಗುತ್ತದೆ, ಹಾಗಾಗಿ ದೊಡ್ಡ ನೋಟು ಬದಲಾಯಿಸಲಿಕ್ಕೆ, ಒಂದರ, ಐದರ ನೋಟು ಟಿಪ್ಸಿಗೆ. ಕೆನ್ಯಾದಲ್ಲಿ ಪಾಸ್‌ಪೋರ್ಟ್ ತೋರಿಸಿ ಸಿಮ್ ತಗೊಂಡು ಎಂ-ಪೆಸಾ ಮಾಡಿಸಿಕೊಳ್ಳಿ. 2007ರಿಂದಲೇ ಅಲ್ಲಿ ಮೊಬೈಲಿನಲ್ಲಿ ದುಡ್ಡು ಕಳಿಸುತ್ತಿದ್ದಾರೆ, ನಮ್ಮ ಯುಪಿಐ ಬರುವ ಎಷ್ಟೋ ವರ್ಷ ಮೊದಲು. ತರಕಾರಿ ಮಾರುವ ಅಜ್ಜಿಯೂ ಅದರಲ್ಲೇ ತಗೊಳ್ಳುತ್ತಾಳೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳು.

ಡೊಂಬಿವಲಿಯಿಂದ ಬಂದಿದ್ದ ಒಬ್ಬರು ಅಮ್ಮ ಕೇಳಿದರು: "ನಮಗಿಬ್ಬರಿಗೂ ಅರವತ್ತು ದಾಟಿದೆ. ಬಸ್ಸಿನಲ್ಲಿ ಹನ್ನೆರಡು ಗಂಟೆ ಕೂರೋಕಾಗಲ್ಲ. ನಾವೇನು ಮಾಡೋದು?" ಅಮ್ಮಾ, ನೀವು ನಾಲ್ಕು ದೇಶ ಬಿಡಿ, ಎರಡು ಸಾಕು. ನೈರೋಬಿಯಲ್ಲಿ ಇಳಿಯಿರಿ, ನಮಂಗಾ ಗಡಿ ದಾಟಿ ಅರುಷಾಕ್ಕೆ ಹೋಗಿ. ಐದಾರು ಗಂಟೆ ದಾರಿ, ಸಣ್ಣ ಶಟಲ್ ಬಸ್ಸುಗಳಿವೆ. ಅಲ್ಲಿ ಸೆರೆಂಗೆಟಿ, ಎನ್‌ಗೊರೊಂಗೊರೊ ಮುಗಿಸಿ ಜಾಂಜಿಬಾರ್‌ನಿಂದ ವಾಪಸ್. ಇಟಿಎ, ತಾಂಜಾನಿಯಾ ವೀಸಾ, ಜಾಂಜಿಬಾರ್ ವಿಮೆ ಸೇರಿ ತಲೆಗೆ 124 ಡಾಲರ್. ಉಳಿದ ದುಡ್ಡಿನಲ್ಲಿ ಒಳ್ಳೆ ರೂಮು ಮಾಡಿ. ಹೊರಡುವ ಮೊದಲು ವಿಮೆಯಲ್ಲಿ ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ ಅಂತ ಓದಿ. ಸೇರಿಲ್ಲದಿದ್ದರೆ ನೈರೋಬಿಯ ಆಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್‌ನವರ ಪ್ರವಾಸಿ ಸದಸ್ಯತ್ವ ತಗೊಳ್ಳಿ. ಹುಲ್ಲುಗಾವಲಿನ ನಡುವೆ ಕಾಲು ಮುರಿದುಕೊಂಡರೆ ವಿಮಾನ ಕಳಿಸುವವರು ಅವರೇ.

ಒಬ್ಬ ಹುಡುಗ ಜಾಂಬಿಯಾವರೆಗೆ ಹೋಗುವ ತಜಾರಾ ರೈಲಿನ ಬಗ್ಗೆ ಕೇಳಿದ. ದಾರ್‌ನಿಂದ ಕಪಿರಿ ಎಂಪೋಶಿವರೆಗೆ 1,860 ಕಿಲೋಮೀಟರ್, 1970ರಿಂದ 75ರ ನಡುವೆ ಚೀನಾದ ನೆರವಿನಲ್ಲಿ ಕಟ್ಟಿದ್ದು, ಕಾಡುಪ್ರಾಣಿಗಳ ನಡುವೆಯೇ ಹೋಗುತ್ತದೆ. ಕೇಳಿದರೇ ಹತ್ತೋಣ ಅನ್ನಿಸುತ್ತದೆ. ಆದರೆ ಅದು ತಡವಾಗುವುದು, ನಿಂತುಹೋಗುವುದು ಹೊಸದಲ್ಲ. ಕೈಯಲ್ಲಿ ದಿನ ಬೇಕಾದಷ್ಟಿದ್ದರೆ ಹತ್ತಪ್ಪ. ಆ ಕಡೆ ತುದಿಯಲ್ಲಿ ಮರುದಿನದ ವಿಮಾನ ಬುಕ್ ಮಾಡಿಕೊಂಡು ಹತ್ತಬೇಡ.

ಕೊನೆಗೆ, ಹೆಣ್ಣುಮಕ್ಕಳು ಒಬ್ಬರೇ ಹೋಗಬಹುದಾ ಅಂತ ಹಿಂದಿನ ಸಾಲಿನಿಂದ ಒಬ್ಬಳು ಕೇಳಿದಳು. ಹೋಗಬಹುದು ಮಗಳೇ, ಹೋಗುತ್ತಾರೆ. ರಾತ್ರಿ ಬಸ್ಸು ಹಿಡಿಯಬೇಡ. ಒಂದು ರಾತ್ರಿಯ ರೂಮಿನ ದುಡ್ಡು ಉಳಿಯುತ್ತದೆ ಅಂತ ಎಷ್ಟೋ ಜನ ಹಿಡಿಯುತ್ತಾರೆ. ಆ ಹತ್ತು ಡಾಲರ್ ಉಳಿಸಬೇಡ. ಬೆಳಿಗ್ಗೆ ಮೊದಲ ಬಸ್ಸು ಹಿಡಿ, ಬೆಳಕಿರುವಾಗಲೇ ಊರು ಮುಟ್ಟು, ಮೊದಲ ರಾತ್ರಿಯ ರೂಮು ಮಾತ್ರ ಇಲ್ಲಿಂದಲೇ ಬುಕ್ ಮಾಡು. ನಿನ್ನ ದಾರಿಯ ಕಾಗದ ಬರೆದುಕೊಂಡು ಮುಂದಿನ ಭಾನುವಾರ ಬಾ. ಪಾಸ್‌ಪೋರ್ಟಿನ ಪ್ರತಿಯನ್ನೂ ತಾ. ಅವಧಿ ಮುಗಿಯಲು ಆರು ತಿಂಗಳಿಗಿಂತ ಜಾಸ್ತಿ ಇದೆಯಾ, ಮುದ್ರೆ ಒತ್ತಲು ಖಾಲಿ ಹಾಳೆ ಉಳಿದಿದೆಯಾ ಅಂತ ಮೊದಲು ನೋಡೋಣ, ಆಮೇಲೆ ಒಂದೊಂದೇ ಗಡಿ.